ಬಿಸಿ ಎಲ್ಲಿ ನಿಂತಿತು? ಮನೆಯ ಒಂದೇ ಜೋನ್ ತಣ್ಣಗಿದ್ದರೆ ಹುಡುಕುವ ಬಗೆ

ಬಾಯ್ಲರ್ ಉರಿಯುತ್ತಿದೆ, ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆ, ಕೆಳಗಿನ ಕೋಣೆಗಳೆಲ್ಲ ಬೆಚ್ಚಗಿವೆ. ಮಹಡಿಯ ಮೇಲಿನ ರೇಡಿಯೇಟರ್ ಮುಟ್ಟಿದರೆ ಮಾತ್ರ ಕಲ್ಲು ಮುಟ್ಟಿದ ಹಾಗೆ. ಥರ್ಮೋಸ್ಟಾಟನ್ನು 22ಕ್ಕೆ ಏರಿಸಿದ್ದಾಯಿತು, 25 ಆಯಿತು, ಸಿಟ್ಟಿನಲ್ಲಿ 30ಕ್ಕೂ ತಿರುಗಿಸಿದ್ದಾಯಿತು. ಏನೂ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಕೈಗೆ ಸಿಕ್ಕ ವಾಲ್ವ್ ತಿರುಗಿಸಿ ನೀರು ಬಿಡಲು ಮನಸ್ಸಾಗುತ್ತದೆ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಅರ್ಧ ದಿನ ಪೈಪಿನಿಂದ ಗಾಳಿ ತೆಗೆದೆ, ಬಕೆಟ್‌ಗಟ್ಟಲೆ ನೀರು ಚೆಲ್ಲಿದೆ. ಕೊನೆಗೆ ನೋಡಿದರೆ ಥರ್ಮೋಸ್ಟಾಟಿನ ಬ್ಯಾಟರಿ ಮುಗಿದಿತ್ತು.

ಹಾಗೆ ನೋಡಿದರೆ ಒಂದೇ ಜೋನ್, ಅಂದರೆ ತನ್ನದೇ ಥರ್ಮೋಸ್ಟಾಟ್ ಇರುವ ಮನೆಯ ಒಂದು ಭಾಗ, ತಣ್ಣಗಿರುವುದು ಒಳ್ಳೆಯ ಸುದ್ದಿ. ಉಳಿದ ಜೋನ್‌ಗಳು ಬಿಸಿಯಾಗುತ್ತಿವೆ ಎಂದರೆ ಬಾಯ್ಲರ್, ಇಂಧನ, ಬೆಂಕಿ, ಹೊಗೆಕೊಳವೆ ಎಲ್ಲವೂ ತಮ್ಮ ಕೆಲಸ ಮಾಡುತ್ತಿವೆ. ದುಬಾರಿ ಭಾಗಗಳ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ಇನ್ನು ಉಳಿದದ್ದು ಬಾಯ್ಲರಿನಿಂದ ಹೊರಟ ಬಿಸಿ ದಾರಿಯಲ್ಲಿ ಎಲ್ಲಿ ನಿಂತಿತು ಎಂದು ಕಂಡುಹಿಡಿಯುವುದು. ಅದಕ್ಕೆ ಮೊದಲು ಬೇಕಾದದ್ದು ಕೈ ಮತ್ತು ಕಿವಿ, ಸ್ಪ್ಯಾನರ್ ಆಮೇಲೆ.

ದಾರಿ ಹೇಗಿದೆ ಎಂದು ಮೊದಲು ನೋಡಿ

ಬಿಸಿನೀರಿನ ಹೀಟಿಂಗ್ ಎಂದರೆ ಕಾಲುವೆ ಮತ್ತು ತೂಬಿನ ವ್ಯವಸ್ಥೆಯೇ. ಬಾಯ್ಲರಿನಲ್ಲಿ ಕಾದ ನೀರನ್ನು ಪಂಪ್ ತಳ್ಳುತ್ತದೆ. ದಪ್ಪ ಪೈಪಿನಿಂದ ಕವಲುಗಳು ಒಡೆದು ಒಂದೊಂದು ಜೋನಿಗೆ ಹೋಗುತ್ತವೆ, ಅಲ್ಲಿ ಬಿಸಿಯನ್ನು ಬಿಟ್ಟುಕೊಟ್ಟು ತಣಿದ ನೀರು ಮತ್ತೆ ಬಾಯ್ಲರಿಗೆ ಮರಳುತ್ತದೆ. ಗದ್ದೆಗೆ ಹೋದ ನೀರು ಅಲ್ಲೇ ಇಂಗುತ್ತದೆ, ಇದು ಮಾತ್ರ ಸುತ್ತಿ ಬರಬೇಕು. ಹೋಗುವ ದಾರಿಯಷ್ಟೇ ಬರುವ ದಾರಿಯೂ ತೆರೆದಿರಬೇಕು ಎಂಬುದನ್ನು ನೆನಪಿಡಿ.

ಬಾಯ್ಲರಿನ ಹತ್ತಿರ ಹೋಗಿ ಪೈಪುಗಳನ್ನು ಐದು ನಿಮಿಷ ಸುಮ್ಮನೆ ನೋಡಿ. ಕವಲಿಗೊಂದರಂತೆ ಅಂಗೈ ಅಗಲದ ಡಬ್ಬಿ ಕೂತಿದೆಯೆ, ಅದರಿಂದ ತೆಳ್ಳನೆಯ ತಂತಿಗಳು ಹೊರಟಿವೆಯೆ? ಅವು ಜೋನ್ ವಾಲ್ವ್‌ಗಳು. ಆಗ ಎಲ್ಲ ಜೋನ್‌ಗೂ ಸೇರಿ ಸಾಮಾನ್ಯವಾಗಿ ಒಂದೇ ಪಂಪ್ ಇರುತ್ತದೆ. ಡಬ್ಬಿಗಳಿಲ್ಲದೆ ಸಾಲಾಗಿ ಮೂರು ನಾಲ್ಕು ಪಂಪುಗಳಿದ್ದರೆ ನಿಮ್ಮ ಮನೆಯಲ್ಲಿ ಜೋನಿಗೊಂದು ಪಂಪ್. ನೆಲದಡಿಯ ಹೀಟಿಂಗ್ ಆದರೆ ಗೋಡೆಯ ಪೆಟ್ಟಿಗೆಯೊಂದರಲ್ಲಿ ಹಿತ್ತಾಳೆ ಅಥವಾ ಸ್ಟೀಲಿನ ಅಡ್ಡ ಕೊಳವೆ, ಅಂದರೆ ಮ್ಯಾನಿಫೋಲ್ಡ್, ಅದರ ಮೇಲೆ ಸಾಲು ಟೋಪಿಗಳಂತೆ ಆಕ್ಚುಯೇಟರ್‌ಗಳು, ಅಂದರೆ ಒಂದೊಂದು ಕವಲನ್ನು ತೆರೆದು ಮುಚ್ಚುವ ತಲೆಗಳು, ಕಾಣುತ್ತವೆ.

ಯಾವ ವಿನ್ಯಾಸವಾದರೂ ನಡೆಯಬೇಕಾದ ಸರಣಿ ಒಂದೇ. ಥರ್ಮೋಸ್ಟಾಟ್ ಬಿಸಿ ಬೇಕೆಂದು ಕೇಳಬೇಕು, ತೂಬು ತೆರೆಯಬೇಕು, ನೀರು ಹರಿಯಬೇಕು. ಕೇಳಲಿಲ್ಲವೋ, ತೆರೆಯಲಿಲ್ಲವೋ, ಹರಿಯಲಿಲ್ಲವೋ ಎಂಬುದು ಗೊತ್ತಾಗುವವರೆಗೆ ಏನನ್ನೂ ಬಿಚ್ಚಬೇಡಿ.

ಮುನ್ನೆಚ್ಚರಿಕೆಗೆ ನಾಲ್ಕು ಮಾತು. ಪೈಪಿನ ನೀರು 80 ಡಿಗ್ರಿ ಸೆಲ್ಸಿಯಸ್‌ವರೆಗೂ ಇರಬಹುದು, 60 ಡಿಗ್ರಿಯ ನೀರೂ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಗ್ಯಾಸ್ ವಾಸನೆ ಬಂದರೆ ಅಥವಾ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೆ ಈ ಲೇಖನ ಬದಿಗಿಟ್ಟು ಮನೆಯಿಂದ ಹೊರಗೆ ಬನ್ನಿ. ಬಾಯ್ಲರಿನ ಮುಚ್ಚಳ ತೆಗೆಯುವ ಕೆಲಸ ಇದರಲ್ಲಿ ಎಲ್ಲೂ ಇಲ್ಲ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಇದ್ದು, ನಿನ್ನೆಯವರೆಗೆ ಸರಿಯಿದ್ದ ಜೋನ್ ಇಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಸತ್ತಿದ್ದರೆ ಕೆಳಗಿನ ಹೆಪ್ಪಿನ ಭಾಗವನ್ನು ಮೊದಲು ಓದಿ.

ಥರ್ಮೋಸ್ಟಾಟ್ ನಿಜವಾಗಿ ಕೇಳುತ್ತಿದೆಯೆ

ನಾಚಿಕೆಯಾಗುವಷ್ಟು ಸುಲಭದ ತಪ್ಪುಗಳು ಇಲ್ಲಿವೆ. ಬ್ಯಾಟರಿ ಬದಲಿಸಿ. ಹೀಟಿಂಗ್ ಬದಲು ಕೂಲಿಂಗ್ ಅಥವಾ ಆಫ್‌ಗೆ ಇದೆಯೇ ನೋಡಿ. ರಜೆಗೆ ಹೋಗುವಾಗ ಹಾಕಿದ ಹಾಲಿಡೇ ಮೋಡ್ ಇನ್ನೂ ಓಡುತ್ತಿರಬಹುದು. ಆಮೇಲೆ ಕೋಣೆಯ ಉಷ್ಣತೆಗಿಂತ ನಾಲ್ಕೈದು ಡಿಗ್ರಿ ಮೇಲಕ್ಕೆ ಇಟ್ಟು ಕಾಯಿರಿ. ಕ್ಲಿಕ್ ಎಂದು ಸದ್ದು ಬಂದರೆ ಅದು ಶುಭ ಶಕುನ, ಆದರೆ ಸಾಕ್ಷಿಯಲ್ಲ. ಒಳಗಿನ ಪುಟ್ಟ ವಿದ್ಯುತ್ ಸ್ವಿಚ್, ಅಂದರೆ ರಿಲೇ, ಕುಣಿದರೂ ತಂತಿ ಕಡಿದಿದ್ದರೆ ಸಂದೇಶ ತಲುಪುವುದಿಲ್ಲ.

ಜೋನ್‌ಗಳ ಕಂಟ್ರೋಲ್ ಪೆಟ್ಟಿಗೆ ಬಾಯ್ಲರಿನ ಬಳಿ ಇದ್ದರೆ ಅದರ ದೀಪಗಳನ್ನು ನೋಡಿ. ನೀವು ಥರ್ಮೋಸ್ಟಾಟ್ ಏರಿಸಿದ ಕೂಡಲೇ ಆ ಜೋನಿನ ದೀಪ ಹೊತ್ತಿಕೊಂಡರೆ ಕೇಳುವ ಕೆಲಸ ಮುಗಿದಿದೆ, ತಪ್ಪು ಮುಂದೆ ಎಲ್ಲೋ ಇದೆ. ಹೊತ್ತದಿದ್ದರೆ ಥರ್ಮೋಸ್ಟಾಟ್ ಅಥವಾ ಅದರ ತಂತಿಯೇ ಆರೋಪಿ.

ಇನ್ನೊಂದು ಸಂಗತಿ ಹಲವರನ್ನು ದಾರಿ ತಪ್ಪಿಸುತ್ತದೆ. ಸ್ನಾನದ ನೀರಿನ ಟ್ಯಾಂಕ್ ಕಾಯುವಾಗ ಕೋಣೆಗಳ ಹೀಟಿಂಗನ್ನು ತಾತ್ಕಾಲಿಕವಾಗಿ ತಡೆಹಿಡಿಯುವ ಏರ್ಪಾಡು ಅನೇಕ ಮನೆಗಳಲ್ಲಿದೆ. ಟ್ಯಾಂಕಿಗೆ ಆದ್ಯತೆ ಸಿಕ್ಕ ಹೊತ್ತಿನಲ್ಲಿ ನೀವು ಪರೀಕ್ಷೆ ಮಾಡಿದರೆ ಎಲ್ಲ ಜೋನ್‌ಗಳೂ ಕೆಟ್ಟಿರುವಂತೆಯೇ ಕಾಣುತ್ತವೆ. ಟ್ಯಾಂಕ್ ಕಾದು ಮುಗಿಯಲಿ, ಆಮೇಲೆ ನೋಡಿ.

ಪೈಪಿನ ಉದ್ದಕ್ಕೂ ಕೈ ಆಡಿಸಿ

ಇಡೀ ಹುಡುಕಾಟದಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಈ ಹಂತದ ಮೇಲೆ. ತಣ್ಣಗಿರುವ ಜೋನಿನ ಥರ್ಮೋಸ್ಟಾಟ್ ಏರಿಸಿ, ಬಾಯ್ಲರ್ ಉರಿಯುತ್ತಿರಲು ಇನ್ನೊಂದು ಒಳ್ಳೆಯ ಜೋನನ್ನೂ ಏರಿಸಿ. ಕಾಲು ಗಂಟೆ ಬಿಟ್ಟು ಬಾಯ್ಲರಿನಿಂದ ಹೊರಟು ಪೈಪಿನ ಜೊತೆಗೇ ನಡೆಯಿರಿ. ಬೆರಳಿನ ಹಿಂಬದಿಯಿಂದ ಥಟ್ಟನೆ ಮುಟ್ಟಿ ತೆಗೆಯಿರಿ, ಹಿಡಿದುಕೊಳ್ಳಬೇಡಿ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಬಳಸಿ, ಆದರೆ ಹೊಳೆಯುವ ತಾಮ್ರಕ್ಕೆ ಗುರಿಯಿಟ್ಟರೆ ಅದು ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ಪೈಪಿನ ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಒಂದು ನಿಮಿಷ ಬಿಟ್ಟು ಟೇಪನ್ನೇ ಅಳೆಯಿರಿ.

ಬಿಸಿ ನಿಂತ ಜಾಗವೇ ಕಥೆ ಹೇಳುತ್ತದೆ. ವಾಲ್ವಿನವರೆಗೆ ಸುಡುತ್ತಿದ್ದು ಆಚೆಗೆ ತಣ್ಣಗಿದ್ದರೆ ವಾಲ್ವ್ ಮುಚ್ಚಿದೆ ಅಥವಾ ಅದರಾಚೆ ನೀರು ಕದಲುತ್ತಿಲ್ಲ. ತಾಮ್ರದ ಪೈಪಿನಲ್ಲಿ ಲೋಹದ ಮೂಲಕವೇ ಬಿಸಿ ಸ್ವಲ್ಪ ದೂರ ಹರಿದುಹೋಗುವುದರಿಂದ ವಾಲ್ವಿನಿಂದ ಒಂದೆರಡು ಮೀಟರ್ ಆಚೆ ಮುಟ್ಟಿ ತೀರ್ಮಾನಿಸಿ. ಕವಲು ಒಡೆದ ಜಾಗದಿಂದಲೇ ತಣ್ಣಗಿದ್ದರೂ ವಾಲ್ವ್ ನಿರಪರಾಧಿ ಎನ್ನಲಾಗದು. ನೀರು ಹರಿಯದ ಕವಲು ತೂಬಿನ ಈಚೆಗೂ ತಣ್ಣಗೇ ಇರುತ್ತದೆ. ಕೋಣೆಯ ಮೊದಲ ರೇಡಿಯೇಟರ್ ತುಸು ಬೆಚ್ಚಗಿದ್ದು ಆಮೇಲಿನವು ತಣ್ಣಗಿದ್ದರೆ, ಜೊತೆಗೆ ಗೊಳಗೊಳ ಸದ್ದಿದ್ದರೆ, ಗಾಳಿ ಕಟ್ಟಿದೆ ಎಂದು ಬಹುಪಾಲು ಧೈರ್ಯವಾಗಿ ಹೇಳಬಹುದು. ಹೋಗುವ ಪೈಪ್ ಪೂರ್ತಿ ಬಿಸಿ, ಮರಳುವ ಪೈಪ್ ಅದಕ್ಕಿಂತ 10 ಡಿಗ್ರಿ ಆಸುಪಾಸು ಕಡಿಮೆ ಎಂದಾದರೆ ನೀರು ಚೆನ್ನಾಗಿಯೇ ಸುತ್ತುತ್ತಿದೆ. ಆಗ ಕೆಟ್ಟಿರುವುದು ಹೀಟಿಂಗ್ ಅಲ್ಲ, ಬಿಸಿ ಕೋಣೆಗೆ ಇಳಿಯುತ್ತಿಲ್ಲ. ಗೋಡೆಯ ಬುಡದುದ್ದಕ್ಕೂ ಕೂರಿಸಿದ ಹೀಟರ್, ಅಂದರೆ ಬೇಸ್‌ಬೋರ್ಡ್ ಇದ್ದರೆ, ಅದರ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತಿದೆಯೆ, ಮೇಲಿನ ಮುಚ್ಚಳದ ಪಟ್ಟಿ ಮುಚ್ಚಿದೆಯೆ, ಸೋಫಾ ಒರಗಿಕೊಂಡಿದೆಯೆ ನೋಡಿ.

ಒಂದೇ ಒಂದು ರೇಡಿಯೇಟರಿನ ಪ್ರಶ್ನೆಯಾದರೆ ಅದು ಜೋನಿನ ದೋಷವೇ ಅಲ್ಲ. ಮೇಲ್ಭಾಗ ತಣ್ಣಗೆ ಕೆಳಭಾಗ ಬಿಸಿ ಇದ್ದರೆ ಒಳಗೆ ಗಾಳಿ. ಮೇಲೆ ಬಿಸಿ, ಕೆಳಗೆ ನಡುಭಾಗ ತಣ್ಣಗೆ ಎಂದರೆ ತುಕ್ಕಿನ ಕೆಸರು. ಪೂರ್ತಿ ತಣ್ಣಗಿದ್ದರೆ ಅದರ ಬದಿಯ ಥರ್ಮೋಸ್ಟಾಟಿಕ್ ವಾಲ್ವಿನ ಟೋಪಿ ಬಿಚ್ಚಿ. ಒಳಗಿನ ಪುಟ್ಟ ಪಿನ್ ಒತ್ತಿದರೆ ಸ್ಪ್ರಿಂಗಿನಂತೆ ಮೇಲೇಳಬೇಕು. ಬೇಸಿಗೆಯಿಡೀ ಮುಚ್ಚಿಟ್ಟ ವಾಲ್ವಿನಲ್ಲಿ ಅದು ಒಳಗೇ ಕಚ್ಚಿಕೊಂಡಿರುವುದು ಮಾಮೂಲು. ಲೋಹದ ಅಂಚಿನಿಂದ ಮೆಲ್ಲಗೆ ಒತ್ತಿ ಒತ್ತಿ ಬಿಟ್ಟರೆ ಬಿಡಿಸಿಕೊಳ್ಳುತ್ತದೆ. ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ, ಪಿನ್ ಕಿತ್ತುಬಂದರೆ ನೀರಿನ ಕಾರಂಜಿ.

ತೂಬು ತೆರೆಯುತ್ತಿದೆಯೆ

ಹೆಚ್ಚಿನ ಜೋನ್ ವಾಲ್ವ್‌ಗಳ ಬದಿಯಲ್ಲಿ ಕೈಯಿಂದ ತೆರೆಯಲು ಸಣ್ಣ ಲಿವರ್ ಇರುತ್ತದೆ. ಅದನ್ನು ತಳ್ಳಿ ನೋಡಿದರೆ ಎರಡು ವಿಷಯ ತಿಳಿಯುತ್ತವೆ. ಮೋಟರಿನ ವಾಲ್ವ್ ಮುಚ್ಚಿದ್ದರೆ ಲಿವರ್ ಗಟ್ಟಿಯಾಗಿ, ಒಳಗಿನ ಹಲ್ಲುಚಕ್ರ ಉಜ್ಜಿದಂತೆ ಮೆಲ್ಲಗೆ ಸರಿಯುತ್ತದೆ. ಕರೆಂಟಿನಿಂದ ಆಗಲೇ ತೆರೆದಿದ್ದರೆ ಸಡಿಲವಾಗಿ ಓಲಾಡುತ್ತದೆ. ಥರ್ಮೋಸ್ಟಾಟ್ ಕೇಳುತ್ತಿದ್ದರೂ ಲಿವರ್ ಗಟ್ಟಿಯಾಗಿದ್ದರೆ ವಾಲ್ವ್ ತೆರೆದಿಲ್ಲ.

ಕೈಯಿಂದ ತೆರೆದು, ಇನ್ನೊಂದು ಜೋನ್ ಓಡುತ್ತಿರುವಾಗ, ಕೆಲವು ನಿಮಿಷಗಳಲ್ಲಿ ಪೈಪ್ ಬಿಸಿಯಾಗತೊಡಗಿದರೆ ದಾರಿಯಲ್ಲಿ ತಡೆಯಿಲ್ಲ. ದೋಷ ವಾಲ್ವಿನ ತಲೆಯಲ್ಲಿ, ಅಂದರೆ ಮೋಟರ್ ಇರುವ ಡಬ್ಬಿಯಲ್ಲಿ, ಅಥವಾ ಅದಕ್ಕೆ ಬರುವ ಕರೆಂಟಿನಲ್ಲಿ. ಇಂದು ರಾತ್ರಿ ಬೆಚ್ಚಗೆ ಮಲಗಲು ಲಿವರನ್ನು ಹಾಗೇ ತೆರೆದಿಟ್ಟರೂ ನಡೆಯುತ್ತದೆ. ಬೇರೆ ಜೋನ್ ಓಡಿದಾಗಲೆಲ್ಲ ಇದಕ್ಕೂ ಬಿಸಿ ಸಿಗುತ್ತದೆ. ಕೈಯಿಂದ ತೆರೆದರೂ ತಣ್ಣಗೇ ಇದ್ದರೆ ಕರೆಂಟಿನ ಹುಡುಕಾಟ ಬಿಟ್ಟು ನೇರ ಗಾಳಿ, ಪಂಪ್ ಮತ್ತು ಹೆಪ್ಪಿನ ಕಡೆ ಹೋಗಿ.

ಕರೆಂಟ್ ನೋಡಲು ಮಲ್ಟಿಮೀಟರ್ ಬೇಕು. ಉತ್ತರ ಅಮೆರಿಕದ ಮನೆಗಳಲ್ಲಿ ಜೋನ್ ವಾಲ್ವ್‌ಗಳು ಸಾಮಾನ್ಯವಾಗಿ 24 ವೋಲ್ಟ್ ಎಸಿಯಲ್ಲಿ ಓಡುತ್ತವೆ. ಯುರೋಪಿನ ಕಡೆ 230 ವೋಲ್ಟಿನವೂ ಸಾಕಷ್ಟಿವೆ. ಲೇಬಲ್ ಓದಿ. 230 ಅಥವಾ 120 ಎಂದಿದ್ದರೆ ಈ ಪರೀಕ್ಷೆ ಎಲೆಕ್ಟ್ರಿಷಿಯನ್‌ಗೆ ಬಿಡಿ. ಜೇಬಿನಲ್ಲಿರುವ ನಿಯಾನ್ ಟೆಸ್ಟರ್ ಇಲ್ಲಿ ಪ್ರಯೋಜನಕ್ಕೆ ಬಾರದು, 24 ವೋಲ್ಟಿಗೆ ಅದರ ದೀಪ ಹೊತ್ತುವುದೇ ಇಲ್ಲ. ಕರೆಂಟೇ ಇಲ್ಲ ಎಂದು ತಪ್ಪು ತಿಳಿಯುತ್ತೀರಿ.

ಥರ್ಮೋಸ್ಟಾಟ್ ಏರಿಸಿ, ವಾಲ್ವಿನ ಮೋಟರಿಗೆ ಹೋಗುವ ಎರಡು ತಂತಿಗಳ ನಡುವೆ ಅಳೆಯಿರಿ. 24ರ ಆಸುಪಾಸು ಬಂದೂ ವಾಲ್ವ್ ತೆರೆಯದಿದ್ದರೆ ಮೋಟರ್ ಸತ್ತಿದೆ ಅಥವಾ ವಾಲ್ವ್ ಒಳಗೆ ಕಚ್ಚಿಕೊಂಡಿದೆ. ಆತುರ ಬೇಡ, ಮೇಣ ಕಾದು ಹಿಗ್ಗುವ ಬಗೆಯ ವಾಲ್ವ್‌ಗಳು ತೆರೆಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತವೆ. ಸೊನ್ನೆ ಬಂದರೆ ಸಂದೇಶ ಬರುತ್ತಿಲ್ಲ. ಹಿಂದಕ್ಕೆ ಥರ್ಮೋಸ್ಟಾಟಿನತ್ತ ನಡೆಯಿರಿ. ಥರ್ಮೋಸ್ಟಾಟಿನ ಮುಖ ತೆಗೆದು ಅದೂ 24 ವೋಲ್ಟಿನದೇ ಎಂದು ಖಾತ್ರಿ ಮಾಡಿಕೊಂಡು, ಆರ್ ಮತ್ತು ಡಬ್ಲ್ಯೂ ಎಂದು ಗುರುತಿಸಿದ ಎರಡು ತಂತಿಗಳನ್ನು ಒಂದಕ್ಕೊಂದು ತಾಗಿಸಿ. ಜೋನ್ ಎದ್ದರೆ ಥರ್ಮೋಸ್ಟಾಟ್ ಬದಲಿಸಿ. ಏಳದಿದ್ದರೆ ಗೋಡೆಯೊಳಗಿನ ತಂತಿ ಕಡಿದಿರಬಹುದು ಅಥವಾ ಸ್ಕ್ರೂ ಸಡಿಲವಾಗಿರಬಹುದು. ಗೋಡೆಗೆ ಚಿತ್ರ ತೂಗುಹಾಕಲು ಇತ್ತೀಚೆಗೆ ಮೊಳೆ ಹೊಡೆದಿರಾ ಎಂದೂ ಕೇಳಿಕೊಳ್ಳಿ.

ಟ್ರಾನ್ಸ್‌ಫಾರ್ಮರ್ ಸುಟ್ಟಿರಬಹುದೆ? ಎಲ್ಲ ವಾಲ್ವ್‌ಗಳಿಗೂ ಒಂದೇ ಟ್ರಾನ್ಸ್‌ಫಾರ್ಮರ್ ಆಗಿದ್ದು ಉಳಿದವು ಕೆಲಸ ಮಾಡುತ್ತಿದ್ದರೆ ಅದರ ಗೊಡವೆಗೇ ಹೋಗಬೇಡಿ.

ಮೀಟರ್ ಇಲ್ಲದವರಿಗೆ ಅದಲುಬದಲು ಮಾಡುವ ಉಪಾಯವಿದೆ. ಕರೆಂಟ್ ಆಫ್ ಮಾಡಿ, ಕಂಟ್ರೋಲ್ ಪೆಟ್ಟಿಗೆಯಲ್ಲಿ ಫೋಟೋ ತೆಗೆದುಕೊಂಡು, ಕೆಟ್ಟ ಜೋನಿನ ಥರ್ಮೋಸ್ಟಾಟ್ ತಂತಿಗಳನ್ನು ಒಳ್ಳೆಯ ಜೋನಿನ ಜಾಗಕ್ಕೂ ಅದರದನ್ನು ಇದರ ಜಾಗಕ್ಕೂ ಹಾಕಿ. ಈಗ ತಣ್ಣನೆಯ ಕೋಣೆಯ ಥರ್ಮೋಸ್ಟಾಟ್ ಏರಿಸಿದಾಗ ಒಳ್ಳೆಯ ಕೋಣೆ ಬಿಸಿಯಾದರೆ ಥರ್ಮೋಸ್ಟಾಟ್, ತಂತಿ ಎರಡೂ ಸರಿಯಿವೆ. ತಲೆ ಬಿಚ್ಚಿ ತೆಗೆಯಬಹುದಾದ ವಾಲ್ವ್‌ಗಳಲ್ಲಿ ತಲೆಗಳನ್ನೂ ಹೀಗೇ ಬದಲಿಸಿ ನೋಡಬಹುದು. ಕೆಲವು ವಾಲ್ವ್‌ಗಳಲ್ಲಿ ತಲೆ ತೆಗೆದರೆ ನೀರು ನುಗ್ಗುತ್ತದೆ, ಆದ್ದರಿಂದ ನಿಮ್ಮ ಮಾಡೆಲಿನ ಕೈಪಿಡಿ ನೋಡದೆ ಸ್ಕ್ರೂಗೆ ಕೈಹಾಕಬೇಡಿ.

ಒಂದು ವಿಚಿತ್ರ ಲಕ್ಷಣ ಕಂಡರೆ ಕೂಡಲೇ ಗುರುತಿಸಿ. ಬೇರೆ ಜೋನ್ ಓಡುವಾಗ ಈ ಕೋಣೆ ಚೆನ್ನಾಗಿ ಬಿಸಿಯಾಗುತ್ತದೆ, ಇದೊಂದೇ ಕೇಳಿದಾಗ ಬಾಯ್ಲರ್ ಏಳುವುದೇ ಇಲ್ಲ. ವಾಲ್ವ್ ಪೂರ್ತಿ ತೆರೆದ ಮೇಲೆ ಬಾಯ್ಲರಿಗೂ ಪಂಪಿಗೂ ಹೊರಡಿ ಎನ್ನುವ ಪುಟ್ಟ ಎಂಡ್ ಸ್ವಿಚ್ ಒಳಗಿರುತ್ತದೆ. ಅದು ಸವೆದರೆ ತೂಬು ತೆರೆದರೂ ಸುದ್ದಿ ಮೇಲಕ್ಕೆ ಹೋಗುವುದಿಲ್ಲ. ವಾಲ್ವ್ ಕಣ್ಣೆದುರೇ ತೆರೆಯುತ್ತದಾದ್ದರಿಂದ ಇದನ್ನು ಯಾರೂ ಅನುಮಾನಿಸುವುದಿಲ್ಲ. ವಾರಗಟ್ಟಲೆ ತಲೆಕೆಡಿಸುವ ದೋಷವಿದು.

ಜೋನಿಗೊಂದು ಪಂಪ್ ಇರುವ ಮನೆಯಲ್ಲಿ

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ ಹಿಡಿಯನ್ನು ಕಿವಿಯ ಎಲುಬಿಗೆ ತಾಗಿಸಿ. ಓಡುವ ಪಂಪ್ ಸಣ್ಣಗೆ ಜುಳುಗುಡುತ್ತದೆ. ಪಕ್ಕದ ಒಳ್ಳೆಯ ಪಂಪಿನ ಸದ್ದು ಮೊದಲು ಕೇಳಿ, ಆಮೇಲೆ ಇದರದು. ಮೌನವಾಗಿ ತಣ್ಣಗಿದ್ದರೆ ಕರೆಂಟ್ ಬರುತ್ತಿಲ್ಲ, ಅಂದರೆ ರಿಲೇ ಅಥವಾ ತಂತಿ, ಇಲ್ಲವೇ ಮೋಟರೇ ಸುಟ್ಟಿದೆ. ಮೈ ಸುಡುತ್ತಾ ಮುಲುಗುತ್ತಾ ನೀರು ಮಾತ್ರ ಕದಲದಿದ್ದರೆ ಒಳಗಿನ ರೋಟರ್ ಕಚ್ಚಿದೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ಪಂಪಿಗೆ ಹೀಗಾಗುತ್ತದೆ. ಹಳೆಯ ಕೆಲವು ಪಂಪುಗಳ ಮುಖದ ನಡುವೆ ದೊಡ್ಡ ಸ್ಕ್ರೂ ಇರುತ್ತದೆ. ಕರೆಂಟ್ ತೆಗೆದು, ತಣಿಯಲು ಬಿಟ್ಟು, ಅದನ್ನು ಬಿಚ್ಚಿದರೆ ಅಕ್ಷದ ತುದಿ ಕಾಣುತ್ತದೆ, ನಾಲ್ಕು ಹನಿ ನೀರೂ ಬರುತ್ತದೆ. ಸ್ಕ್ರೂಡ್ರೈವರಿನಿಂದ ಅಕ್ಷವನ್ನು ಆಚೀಚೆ ತಿರುಗಿಸಿ ಬಿಡಿಸಿದರೆ ಪಂಪ್ ಮತ್ತೆ ಓಡೀತು. ಮೋಟರ್ ಬೇರೆ, ಪಂಪ್ ಬೇರೆಯಾಗಿ ನಡುವೆ ಜೋಡಣೆಯಿರುವ ದೊಡ್ಡ ಹಳೇ ಮಾದರಿಯಲ್ಲಿ ಮೋಟರ್ ಗಿರ್ರನೆ ತಿರುಗುತ್ತಿದ್ದರೂ ನಡುವಿನ ಕಪ್ಲರ್ ಮುರಿದು ಪಂಪ್ ನಿಂತಿರುತ್ತದೆ. ಸದ್ದು ಕೇಳಿ ಮೋಸಹೋಗಬೇಡಿ.

ಪಂಪಿನ ಹತ್ತಿರ ಅಥವಾ ಅದರೊಳಗೇ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಇರುತ್ತದೆ. ಪಂಪ್ ಸರಿಯಾಗಿ ಓಡಿದರೂ ಹರಿವು ಇಲ್ಲದಿದ್ದರೆ ಅದು ಮುಚ್ಚಿದ ಸ್ಥಿತಿಯಲ್ಲಿ ಕಚ್ಚಿರಬಹುದು. ಮೇಲೆ ತಿರುಗಿಸುವ ಗುಂಡಿ ಇದ್ದರೆ ತೆರೆದು ನೋಡಿ. ಮರದ ಹಿಡಿಯಿಂದ ಎರಡು ಸಣ್ಣ ಏಟು ಕೊಟ್ಟರೆ ಒಮ್ಮೊಮ್ಮೆ ಬಿಡುತ್ತದೆ.

ಹೆಪ್ಪುಗಟ್ಟಿರಬಹುದೆ

ಹೊರಗೋಡೆಯ ಪಕ್ಕ, ಗ್ಯಾರೇಜಿನ ಮೇಲೆ, ಅಟ್ಟದ ಮೂಲೆಯಲ್ಲಿ ಹಾದುಹೋಗುವ ಪೈಪಿಗೆ ಈ ಅಪಾಯ ಹೆಚ್ಚು. ಪಂಪ್ ಓಡುತ್ತಿದೆ, ವಾಲ್ವ್ ತೆರೆದಿದೆ, ಆದರೂ ಹನಿ ನೀರು ಸುತ್ತುವುದಿಲ್ಲ. ಕಡುಚಳಿಯ ರಾತ್ರಿಯ ಮರುದಿನ ಹೀಗಾದರೆ ಹೆಪ್ಪನ್ನೇ ಮೊದಲು ಶಂಕಿಸಿ. ಬಾಯ್ಲರಿಗೆ ನೀರು ತುಂಬುವ ವಾಲ್ವ್ ಎಲ್ಲಿದೆ, ಅದನ್ನು ಮುಚ್ಚುವುದು ಹೇಗೆ ಎಂದು ಮೊದಲು ಗುರುತಿಸಿಟ್ಟುಕೊಳ್ಳಿ. ಪೈಪ್ ಒಡೆದಿದ್ದರೂ ಮಂಜು ಕರಗುವವರೆಗೆ ಅದು ಸೋರುವುದಿಲ್ಲ, ಕರಗಿದ ಮೇಲೆ ಚಾವಣಿಯಿಂದ ಮಳೆ. ಆ ಜಾಗಕ್ಕೆ ಬೆಚ್ಚನೆಯ ಗಾಳಿ ಹೋಗುವಂತೆ ಬಾಗಿಲು, ಕಪಾಟು ತೆರೆಯಿರಿ. ಹೇರ್ ಡ್ರೈಯರ್ ಹಿಡಿಯಿರಿ, ಹತ್ತಿರದಲ್ಲಿ ನೀವೇ ಇದ್ದು ರೂಮ್ ಹೀಟರ್ ಇಡಿ. ಬ್ಲೋ ಟಾರ್ಚ್, ಬೆಂಕಿ ಬೇಡವೇ ಬೇಡ. ಗೋಡೆಯೊಳಗೆ ಹೊತ್ತಿಕೊಂಡ ಬೆಂಕಿ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಗಾಳಿ ಕಟ್ಟಿದ್ದರೆ

ಕೇಳಿದೆ, ತೆರೆದಿದೆ, ಪಂಪ್ ಓಡುತ್ತಿದೆ, ಹೆಪ್ಪೂ ಇಲ್ಲ. ಈಗ ಗಾಳಿಯ ಸರದಿ. ಅದಕ್ಕೂ ಮೊದಲು ಪ್ರೆಶರ್ ಗೇಜ್ ಓದಿ. ನೀರು ಪೈಪಿನ ತುತ್ತತುದಿಯವರೆಗೂ ತುಂಬಿರಲು ತಳದಲ್ಲಿ ಒತ್ತಡ ಬೇಕು. 1 ಬಾರ್ ಒತ್ತಡ ನೀರನ್ನು ಸುಮಾರು 10 ಮೀಟರ್ ಎತ್ತರಕ್ಕೆ ನಿಲ್ಲಿಸುತ್ತದೆ. ಗೇಜಿನಿಂದ ಅತಿ ಎತ್ತರದ ರೇಡಿಯೇಟರ್‌ವರೆಗೆ ಎಷ್ಟು ಮೀಟರ್ ಎಂದು ಲೆಕ್ಕಹಾಕಿ, 10ರಿಂದ ಭಾಗಿಸಿ, ಮೇಲೆ 0.3 ಬಾರ್ ಸೇರಿಸಿ. ಎರಡು ಅಂತಸ್ತಿನ ಮನೆಯಲ್ಲಿ ತಣ್ಣಗಿರುವಾಗ 1ರಿಂದ 1.5 ಬಾರ್ ಸಾಮಾನ್ಯ. ಪಿಎಸ್ಐ ಗೇಜಿನಲ್ಲಿ 12ರಿಂದ 15, ಹೆಚ್ಚೆಂದರೆ 20. ಗೇಜ್ ಅರ್ಧ ಬಾರ್ ತೋರಿಸುತ್ತಿದ್ದು ಮಹಡಿಯ ಜೋನ್ ತಣ್ಣಗಿದ್ದರೆ ಆಶ್ಚರ್ಯವೇನಿಲ್ಲ, ನೀರು ಅಲ್ಲಿಗೆ ಏರಿಲ್ಲ.

ರೇಡಿಯೇಟರಿಗೆ ಗಾಳಿ ಬಿಡುವ ಬ್ಲೀಡ್ ಕೀಲಿಯ ತೂತು ಇದ್ದರೆ ಕೆಲಸ ಹಗುರ. ಪಂಪ್ ನಿಲ್ಲಿಸಿ, ಬಟ್ಟೆ ಹಿಡಿದು, ಕೀಲಿಯನ್ನು ಕಾಲು ಸುತ್ತು ತಿರುಗಿಸಿ. ಸುಯ್ ಎಂದು ಗಾಳಿ ಹೊರಡುತ್ತದೆ, ಆಮೇಲೆ ಉಗುಳುತ್ತದೆ, ಆಮೇಲೆ ಸಮನಾದ ನೀರು. ಕೂಡಲೇ ಮುಚ್ಚಿ. ಕೆಳ ಅಂತಸ್ತಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ನಡುವೆ ಗೇಜ್ ಇಳಿದರೆ ನೀರು ತುಂಬಿ.

ಬೇಸ್‌ಬೋರ್ಡಿನ ಉದ್ದನೆಯ ಸುತ್ತಿನಲ್ಲಿ ಇಂಥ ತೂತುಗಳೇ ಇರುವುದಿಲ್ಲ. ಅಲ್ಲಿ ಗಾಳಿಯನ್ನು ನೀರಿನ ರಭಸದಿಂದ ತಳ್ಳಿ ಹೊರಹಾಕಬೇಕು. ಮರಳುವ ಪೈಪಿನಲ್ಲಿ, ಬಾಯ್ಲರಿನ ಹತ್ತಿರ, ಒಂದು ಮುಚ್ಚುವ ವಾಲ್ವೂ ಅದಕ್ಕಿಂತ ಮೊದಲು ಹೋಸ್ ಪೈಪ್ ಸಿಕ್ಕಿಸುವ ಡ್ರೈನೂ ಇದ್ದರೆ ನಿಮ್ಮ ಮನೆಗೆ ಆ ಏರ್ಪಾಡು ಇದೆ. ವ್ಯವಸ್ಥೆಯಲ್ಲಿ ನೀರು ಹೆಪ್ಪುಗಟ್ಟದಂತೆ ಬೆರೆಸುವ ಆಂಟಿಫ್ರೀಜ್ ತುಂಬಿದ್ದರೆ ಇದನ್ನು ಮಾಡಬೇಡಿ. ಹೊಸ ನೀರು ಸೇರಿದಷ್ಟೂ ಅದು ತೆಳುವಾಗಿ, ಮುಂದಿನ ಚಳಿಗೆ ಪೈಪ್ ಹೆಪ್ಪುಗಟ್ಟುತ್ತದೆ.

1. ಬಾಯ್ಲರ್ ಆಫ್ ಮಾಡಿ, ಗಂಟೆಗಟ್ಟಲೆಯಾದರೂ ಸರಿ, ಮುಟ್ಟಿದರೆ ಉಗುರುಬೆಚ್ಚಗಾಗುವವರೆಗೆ ಕಾಯಿರಿ. ಸುಡುವ ಎರಕದ ಕಬ್ಬಿಣದ ಬಾಯ್ಲರಿಗೆ ತಣ್ಣೀರು ನುಗ್ಗಿದರೆ ಅದು ಬಿರುಕು ಬಿಡುತ್ತದೆ. ಇಡೀ ಲೇಖನದಲ್ಲಿ ನಿಜವಾಗಿ ದೊಡ್ಡ ನಷ್ಟ ತರಬಲ್ಲ ತಪ್ಪುಗಳಲ್ಲಿ ಇದೂ ಒಂದು.

2. ಉಳಿದ ಜೋನ್‌ಗಳನ್ನು ಮುಚ್ಚಿ. ಈ ಜೋನಿನ ವಾಲ್ವನ್ನು ಲಿವರಿನಿಂದ ತೆರೆಯಿರಿ. ಮರಳುವ ಪೈಪಿನ ಮುಚ್ಚುವ ವಾಲ್ವನ್ನು ಮುಚ್ಚಿ. ಈಗ ನೀರಿಗೆ ಬಾಯ್ಲರಿಗೆ ಹಿಂದಿರುಗುವ ದಾರಿಯಿಲ್ಲ, ಡ್ರೈನಿನಿಂದಲೇ ಹೊರಬರಬೇಕು.

3. ಡ್ರೈನಿಗೆ ಹೋಸ್ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಅರ್ಧ ನೀರಿರುವ ಬಕೆಟಿನಲ್ಲಿ ಮುಳುಗಿಸಿಡಿ. ಗುಳ್ಳೆ ಎಣಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೊದಲು ಬರುವ ನೀರು ಕಪ್ಪಗೆ ನಾರುತ್ತದೆ. ಹೆದರಬೇಡಿ, ಹಳೆಯ ಹೀಟಿಂಗ್ ನೀರಿನ ಗುಣವೇ ಅದು. ಕಾರ್ಪೆಟ್ ಮೇಲೆ ಮಾತ್ರ ಚೆಲ್ಲಬೇಡಿ.

4. ಡ್ರೈನ್ ತೆರೆದು, ನೀರು ತುಂಬುವ ವಾಲ್ವಿನ ವೇಗದ ಲಿವರನ್ನು ಎತ್ತಿ. ಕಣ್ಣು ಗೇಜಿನ ಮೇಲಿರಲಿ. ಮನೆಯ ಬಾಯ್ಲರುಗಳ ಸುರಕ್ಷತಾ ವಾಲ್ವ್ ಸಾಮಾನ್ಯವಾಗಿ ಯುರೋಪಿನ ಕಡೆ 3 ಬಾರಿಗೆ, ಉತ್ತರ ಅಮೆರಿಕದಲ್ಲಿ 30 ಪಿಎಸ್ಐಗೆ, ಅಂದರೆ ಸುಮಾರು 2 ಬಾರಿಗೆ, ಬಾಯಿಬಿಡುತ್ತದೆ. 1.7 ಬಾರ್ ಅಥವಾ 25 ಪಿಎಸ್ಐ ದಾಟದಂತೆ ಲಿವರನ್ನು ಏರಿಳಿಸಿ. ಒಬ್ಬರು ಗೇಜಿನ ಬಳಿ, ಇನ್ನೊಬ್ಬರು ಬಕೆಟಿನ ಬಳಿ ಇದ್ದರೆ ಸಲೀಸು.

5. ಗುಳ್ಳೆಗಳು ಬಳಬಳನೆ ಬಂದು, ನಿಂತು, ಮತ್ತೆ ಬರುತ್ತವೆ. ಮೊದಲ ಸಲ ನಿಂತಾಗಲೇ ಮುಗಿಸಿಬಿಡಬೇಡಿ. ಉದ್ದನೆಯ ಸುತ್ತಿನ ಆಚೆ ತುದಿಯ ಗಾಳಿ ಕೊನೆಗೆ ಬರುತ್ತದೆ. ಪೂರ್ತಿ ನಿಂತ ಮೇಲೂ ಒಂದೆರಡು ನಿಮಿಷ ನೀರು ಬಿಡಿ.

6. ವೇಗದ ಲಿವರನ್ನು ಮೊದಲು ಇಳಿಸಿ, ಒಡನೆಯೇ ಡ್ರೈನ್ ಮುಚ್ಚಿ. ಹಿಂದುಮುಂದಾಗಿ ಮಾಡಿದರೆ ಒತ್ತಡ ಕ್ಷಣದಲ್ಲಿ ಜಿಗಿದು ಸುರಕ್ಷತಾ ವಾಲ್ವ್ ಉಗುಳುತ್ತದೆ. ಒಮ್ಮೆ ಉಗುಳಿದ ವಾಲ್ವ್ ಬಾಯಲ್ಲಿ ಕಸ ಸಿಕ್ಕಿಕೊಂಡು ಆಮೇಲೆ ತೊಟ್ಟಿಕ್ಕುತ್ತಲೇ ಇರುವುದುಂಟು.

7. ಮರಳುವ ಪೈಪಿನ ವಾಲ್ವನ್ನು ತೆರೆಯಿರಿ. ಇದನ್ನು ಮರೆತು, ಇನ್ನೂ ತಣ್ಣಗೇ ಇದೆ ಎಂದು ಪರದಾಡಿದವರು ಒಬ್ಬಿಬ್ಬರಲ್ಲ. ಉಳಿದ ಜೋನ್‌ಗಳನ್ನು ಮೊದಲಿನಂತೆ ಮಾಡಿ, ಗೇಜ್ ನೋಡಿ ಬಾಯ್ಲರ್ ಹಚ್ಚಿ.

ಡ್ರೈನ್ ತೆರೆದಾಗ ಹನಿಯೂ ಬಾರದಿದ್ದರೆ ಅದೂ ಒಂದು ಉತ್ತರವೇ. ದಾರಿ ಎಲ್ಲೋ ಪೂರ್ತಿ ಕಟ್ಟಿದೆ. ಮುಚ್ಚಿದ ವಾಲ್ವ್, ಹೆಪ್ಪು ಅಥವಾ ಕೆಸರು.

ಗಾಳಿ ತಿಂಗಳಿಗೊಮ್ಮೆ ಮರಳಿ ಬರುತ್ತಿದ್ದರೆ ಮತ್ತೆ ಮತ್ತೆ ತೆಗೆಯುತ್ತಾ ಕೂರುವುದು ದಡ್ಡತನ. ಎಲ್ಲೋ ಸೋರುತ್ತಿದೆ, ಸೋರಿದಷ್ಟೂ ಹೊಸ ನೀರು ಬರುತ್ತಿದೆ, ಹೊಸ ನೀರಿನ ಜೊತೆ ಕರಗಿದ ಗಾಳಿ ಬರುತ್ತಿದೆ. ಆ ಗಾಳಿಯ ಆಮ್ಲಜನಕ ಕಬ್ಬಿಣವನ್ನು ತಿಂದು ಕೆಸರನ್ನೂ ಮಾಡುತ್ತದೆ. ಬಿಸಿಗೆ ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕನ್ನೂ ಶಂಕಿಸಿ. ತಣ್ಣಗಿರುವಾಗ 1 ಬಾರ್ ಇದ್ದ ಗೇಜ್ ಬಿಸಿಯಾದಾಗ 3ರ ಹತ್ತಿರ ಹೋದರೆ ಟ್ಯಾಂಕಿನ ಗಾಳಿಚೀಲ ಕೆಲಸ ಬಿಟ್ಟಿದೆ. ಬಿಸಿಗೆ ಹಿಗ್ಗಿದ ನೀರು ಸುರಕ್ಷತಾ ವಾಲ್ವಿನಿಂದ ಹೊರಹೋಗುತ್ತದೆ, ತಣಿದಾಗ ಒತ್ತಡ ಕುಸಿದು ಮಹಡಿಯಲ್ಲಿ ಗಾಳಿ ಕೂರುತ್ತದೆ. ನೀರಿನ ಒತ್ತಡವನ್ನು ಸೊನ್ನೆಗೆ ಇಳಿಸಿದ ಮೇಲೆ ಟ್ಯಾಂಕಿನ ತುದಿಯ ಕವಾಟಕ್ಕೆ ಟೈರ್ ಗೇಜ್ ಹಿಡಿದರೆ ಗಾಳಿ ಎಷ್ಟಿದೆ ತಿಳಿಯುತ್ತದೆ. ಗಾಳಿಯ ಬದಲು ಅಲ್ಲಿಂದ ನೀರು ಬಂದರೆ ಚೀಲ ಹರಿದಿದೆ, ಟ್ಯಾಂಕ್ ಬದಲಿಸಬೇಕು.

ನೆಲದಡಿಯ ಹೀಟಿಂಗ್ ಇರುವವರಿಗೆ

ತಾಳ್ಮೆ ಬೇಕು. ಕಾಂಕ್ರೀಟ್ ನೆಲ ಬಿಸಿಯಾಗಲು ಗಂಟೆಗಳೇ ಹಿಡಿಯುವುದರಿಂದ ನೆಲ ಮುಟ್ಟಿ ತೀರ್ಮಾನಿಸಬೇಡಿ, ಮ್ಯಾನಿಫೋಲ್ಡಿನ ಪೈಪುಗಳನ್ನು ಮುಟ್ಟಿ. ಒಂದೊಂದು ಸುತ್ತಿಗೂ ಪಾರದರ್ಶಕ ಕೊಳವೆಯ ಫ್ಲೋ ಮೀಟರ್ ಇದ್ದರೆ ಇನ್ನೂ ಸುಲಭ, ಸೊನ್ನೆಯಲ್ಲಿ ಕೂತ ಸುತ್ತೇ ಕೆಟ್ಟಿದೆ. ಅದರ ಆಕ್ಚುಯೇಟರ್ ಟೋಪಿಯನ್ನು ಕೈಯಿಂದ ತಿರುಗಿಸಿ ತೆಗೆಯಿರಿ. ಕೆಳಗಿನ ಪಿನ್ ತಾನಾಗಿ ಮೇಲೆದ್ದು ಮೀಟರ್ ಕದಲಿದರೆ ಆಕ್ಚುಯೇಟರ್ ಬದಲಿಸಿ. ಪಿನ್ ಕೆಳಗೇ ಕಚ್ಚಿದ್ದರೆ ಒತ್ತಿ ಬಿಡಿಸಿ. ಪಿನ್ ಎದ್ದರೂ ಮೀಟರ್ ಸೊನ್ನೆಯಲ್ಲೇ ಇದ್ದರೆ ಆ ಒಂದು ಸುತ್ತಿನಲ್ಲಿ ಬಹುಶಃ ಗಾಳಿಯಿದೆ. ಉಳಿದ ಸುತ್ತುಗಳನ್ನೆಲ್ಲ ಮುಚ್ಚಿ ಪಂಪಿನ ಪೂರ್ತಿ ಬಲ ಅದೊಂದಕ್ಕೇ ಸಿಗುವಂತೆ ಮಾಡಿದರೆ ಎಷ್ಟೋ ಸಲ ಗಾಳಿ ತಾನೇ ಹೊರಡುತ್ತದೆ.

ಮೆಕ್ಯಾನಿಕ್ಕನ್ನು ಕರೆಯುವಾಗ

ಬೆಸುಗೆ ಬೇಕಾದ ವಾಲ್ವ್, ಸೋರುವ ಸುರಕ್ಷತಾ ವಾಲ್ವ್, ಮೇನ್ಸ್ ಕರೆಂಟಿನ ರಿಲೇ, ಒಡೆದ ಪೈಪ್, ಕೆಸರು ತೊಳೆಯುವ ಕೆಲಸ ಇವಕ್ಕೆ ಬಲ್ಲವರೇ ಬರಲಿ. ಮಹಡಿ ತಣ್ಣಗಿದೆ ಎಂದಷ್ಟೇ ಹೇಳಿದರೆ ಅವರು ಮೊದಲಿನಿಂದ ಹುಡುಕಬೇಕು. ಥರ್ಮೋಸ್ಟಾಟ್ ಕೇಳುತ್ತಿದೆ, ವಾಲ್ವಿಗೆ 24 ವೋಲ್ಟ್ ಬರುತ್ತಿದೆ, ಲಿವರ್ ಗಟ್ಟಿಯಾಗಿದೆ, ಕೈಯಿಂದ ತೆರೆದರೆ ಬಿಸಿಯಾಗುತ್ತದೆ ಎಂದು ಫೋನಿನಲ್ಲೇ ಹೇಳಿ, ವಾಲ್ವಿನ ಲೇಬಲಿನ ಫೋಟೋ ಕಳಿಸಿದರೆ ಸರಿಯಾದ ಬಿಡಿಭಾಗ ಹಿಡಿದುಕೊಂಡೇ ಬರುತ್ತಾರೆ. ಹುಡುಕಾಟ ಮುಗಿದ ದಿನವೇ ಯಾವ ವಾಲ್ವ್ ಯಾವ ಕೋಣೆಯದು ಎಂದು ಚೀಟಿ ಬರೆದು ಪೈಪಿಗೆ ಕಟ್ಟಿಬಿಡಿ, ಮುಂದಿನ ಸಲ ಅರ್ಧ ಗಂಟೆ ಉಳಿಯುತ್ತದೆ.

ರಿಪೇರಿಯಾದ ಮರುದಿನ ಅದೇ ಕೋಣೆ ಈಗ ಸೆಕೆ ತಡೆಯಲಾರದಷ್ಟು ಬಿಸಿ, ಥರ್ಮೋಸ್ಟಾಟ್ ಇಳಿಸಿದರೂ ನಿಲ್ಲುತ್ತಿಲ್ಲ ಎಂದು ಮನೆಯವರು ದೂರಿದರೆ ಹೊಸ ದೋಷ ಹುಡುಕಲು ಹೋಗಬೇಡಿ. ಪರೀಕ್ಷೆಗೆಂದು ಕೈಯಿಂದ ತೆರೆದ ಆ ಲಿವರನ್ನು ನೀವು ಹಾಗೇ ಬಿಟ್ಟು ಬಂದಿದ್ದೀರಿ.